ಕಾವಲಮ್ಮನ ಗುಡ್ಡ

ಬೇವಿನಾಳದ ಹತ್ತಿ ಗಿರಣಿ ದಾಟಿ ಪಡುವಣಕ್ಕೆ ಹೊರಳಿದರೆ ಎಡಗಡೆಗೆ ಒಂದು ಬೋಳುಗುಡ್ಡ ಕಾಣಿಸುತ್ತದೆ. ಗುಡ್ಡವೆಂದರೆ ಭಾರಿ ಗುಡ್ಡವೇನಲ್ಲ. ಎಲೆಯಡಿಕೆ ಹಾಕಿಕೊಂಡು ಹೊರಟವರು ಅದನ್ನು ಉಗುಳುವ ಹೊತ್ತಿಗೆ ನೆತ್ತಿ ಮುಟ್ಟುತ್ತಾರೆ. ನೆತ್ತಿಯ ಮೇಲೆ ಹಳೆಯ ಕೋಟೆಯೊಂದರ ಪಾಳು ಇದೆ. ಅದರ ಕಲ್ಲುಗಳನ್ನು ತಲೆತಲಾಂತರದಿಂದ ಸುತ್ತಲಿನವರು ಹೊಲದ ಬದುವಿಗೆ, ದನದ ಕೊಟ್ಟಿಗೆಗೆ, ಬಾವಿಕಟ್ಟೆಗೆ ಹೊತ್ತೊಯ್ದು, ಈಗ ಉಳಿದಿರುವುದು ಮೊಣಕಾಲೆತ್ತರದ ಗೋಡೆಯ ಸುತ್ತು ಮತ್ತು ಬಡಗಣ ಕೊತ್ತಳದ ಅರ್ಧ. ಮೇಯಲು ಬಿಟ್ಟ ಆಡುಗಳು ಆ ಸುತ್ತಿನೊಳಕ್ಕೆ ಕಾಲಿಡುವುದಿಲ್ಲ ಎಂದು ಕುರಿಗಾಹಿಗಳು ಹೇಳುತ್ತಾರೆ. ಒಳಗೆ ಹುಲ್ಲೇ ಇಲ್ಲದಿರುವುದೂ ಅದಕ್ಕೆ ಕಾರಣವಿರಬಹುದು. ಬಿದ್ದುಹೋದ ಹೆಬ್ಬಾಗಿಲಿನ ಜಾಗದಲ್ಲಿ ಒಂದು ಪುಟ್ಟ ಗುಡಿ. ಹೊರಗಿನಿಂದ ಬಂದವರು ಕಾವಲಮ್ಮ ಎಂಬ ಹೆಸರು ಕೇಳಿ, ಊರು ಕಾಯುವ ತಾಯಿ ಇರಬೇಕೆಂದು ಕೈಮುಗಿಯುತ್ತಾರೆ. ಮುಗಿಯಲಿ, ಬೇಡವೆಂದವರು ಯಾರು? ಆದರೆ ಅವಳು ಊರನ್ನು ಕಾಯ್ದವಳಲ್ಲ. ಊರಿಗೆ ಊರೇ ಯಾರ ಸಾವನ್ನು ಬೇಡಿಕೊಳ್ಳುತ್ತಿತ್ತೋ ಆ ಒಬ್ಬ ಮನುಷ್ಯನನ್ನು ಕಾಯ್ದವಳು. ಆ ಹೆಸರು ಮೊದಲು ಹುಟ್ಟಿದ್ದು ಬೈಗುಳವಾಗಿ.

ಹಿಂದೆ ಒಮ್ಮೆ, ಕಲ್ಯಾಣದಲ್ಲಿ ಚಕ್ರವರ್ತಿಗಳು ಆಳುತ್ತಿದ್ದ ಕಾಲದಲ್ಲಿ, ಅವರ ದಂಡಿನ ಜೊತೆ ಬಡಗಣ ಸೀಮೆಯಿಂದ ಮಲ್ಹಣನೆಂಬ ರಾವುತ ಈ ಕಡೆಗೆ ಬಂದನಂತೆ. ಬಂದಾಗ ಅವನಲ್ಲಿ ಇದ್ದದ್ದು ಕುದುರೆಗಳು ಮತ್ತು ಅವುಗಳ ಮೇಲೆ ಕೂರಬಲ್ಲ ಅಣ್ಣತಮ್ಮಂದಿರು, ಅಷ್ಟೇ. ಯುದ್ಧ ಗೆದ್ದ ಚಕ್ರವರ್ತಿ ಗೆದ್ದ ನೆಲವನ್ನು ಹಂಚುವಾಗ ಬೇವಿನಾಳದ ಸುತ್ತಣ ಹಳ್ಳಿಗಳನ್ನು ಮಲ್ಹಣನಿಗೆ ಕೊಟ್ಟ. ಕೊಟ್ಟದ್ದು ಯಾರ ನೆಲ ಎಂದು ಚಕ್ರವರ್ತಿಯೂ ಕೇಳಲಿಲ್ಲ, ಮಲ್ಹಣನೂ ಕೇಳಲಿಲ್ಲ. ಅಲ್ಲಿ ಮೊದಲಿನಿಂದ ಇದ್ದ ನಾಡಗೌಡ ಆ ವರ್ಷವೇ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಅವನ ಒಬ್ಬಳೇ ಮಗಳು ಮಲ್ಹಣನ ಮಡದಿಯಾದಳು. ಬಿಟ್ಟಿ ಆಳುಗಳ ಹೆಗಲ ಮೇಲೆ ಗುಡ್ಡಕ್ಕೆ ಕಲ್ಲು ಏರಿತು, ಕೋಟೆ ಎದ್ದಿತು. ಜನ ಅವರನ್ನು ತೇಜಿಯವರು, ಎಂದರೆ ಕುದುರೆಯವರು, ಎಂದು ಕರೆದರು. ಅವರು ನಮ್ಮ ಜೋಳ ತಿಂದರು, ನಮ್ಮ ದೇವರಿಗೆ ಕಾಯಿ ಒಡೆಸಿದರು, ಆದರೆ ಬಾಗಿಲು ಹಾಕಿಕೊಂಡ ಮೇಲೆ ತಮ್ಮ ಬಡಗಣ ಮಾತನ್ನೇ ಆಡುತ್ತಿದ್ದರು. ಮಲ್ಹಣನ ಮಗನ ಕಾಲಕ್ಕೆ ಹೊಳೆ ದಾಟುವ ಸುಂಕ ಅವರ ಕೈಗೆ ಬಂತು. ಮೊಮ್ಮಗ ಬೀಚರಸನ ಕಾಲಕ್ಕೆ ಬಿಳಿಯ ಕೊಡೆ, ಮುಂದೆ ಕೊಂಬು ಊದುವವರು, ನಲವತ್ತು ಹಳ್ಳಿ. ಕುಳಿತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ತೇಜಿಯವರಿಗೆ ನಲವತ್ತು ಹಳ್ಳಿಯೂ ಸಾಲಲಿಲ್ಲ.

ಆ ಮನೆತನದ ಬೆನ್ನಿಗೆ ಇನ್ನೊಂದು ಮನೆತನ ಅಂಟಿಕೊಂಡಿತ್ತು. ಅದು ಲೆಂಕರ ಮನೆ. ಲೆಂಕನೆಂದರೆ ಬರಿಯ ಆಳಲ್ಲ. ಅರಸು ಪಟ್ಟಕ್ಕೆ ಕೂತ ದಿನ ಅವನ ತಟ್ಟೆಯಿಂದ ಒಂದು ತುತ್ತು ಉಂಡು, ಅವನು ಕೊಟ್ಟ ಪೆಂಡೆಯವೆಂಬ ಕಡಗವನ್ನು ಎಡಗಾಲಿಗೆ ತೊಟ್ಟು, 'ನಿಮ್ಮ ಉಸಿರು ನಿಂತ ಮೇಲೆ ನಾನು ಇನ್ನೊಂದು ಹಗಲು ಕಾಣುವುದಿಲ್ಲ' ಎಂದು ದೇವರ ಮುಂದೆ ನುಡಿದವನು. ಮಲ್ಹಣ ಸತ್ತಾಗ ಅವನ ಲೆಂಕ ಸತ್ತ. ಮಲ್ಹಣನ ಮಗ ಸತ್ತಾಗ ಆ ಲೆಂಕನ ಮಗ ಸತ್ತ. ಬೀಚರಸನ ಪೆಂಡೆಯ ತೊಟ್ಟವನು ಅದೇ ಮನೆಯ ಬಮ್ಮ. ಅವನ ತಾಯಿ ಮಾಚವ್ವೆ ಗಂಡನನ್ನು ಹಾಗೆ ಕಳೆದುಕೊಂಡವಳು, ಆದರೂ ಬೀಗುತ್ತಿದ್ದಳು. 'ನಮ್ಮ ಮನೆಯ ಗಂಡಸರು ಕೆಮ್ಮಿ ಕೆಮ್ಮಿ ಸಾಯುವವರಲ್ಲ' ಎಂದು ನೆರೆಹೊರೆಯ ಮುದುಕಿಯರ ಎದುರಿಗೇ, ಅವರ ಗಂಡಂದಿರು ಪಡಸಾಲೆಯಲ್ಲಿ ಕೆಮ್ಮುತ್ತಿರುವಾಗಲೇ ಹೇಳುತ್ತಿದ್ದಳು.

ಈ ಮನೆಗೆ ಸೊಸೆಯಾಗಿ ಬಂದವಳು ಕೇತವ್ವೆ. ಬೇವಿನಾಳದ ಒಕ್ಕಲು ಮನೆಯ ಹುಡುಗಿ. ವರನ ಕಾಲಿನ ಪೆಂಡೆಯ ನೋಡಿ ಅವಳು ಹಿಂಜರಿದಾಗ ಅವಳಪ್ಪ ಸಮಾಧಾನ ಹೇಳಿದನಂತೆ: 'ಅರಸು ಗಟ್ಟಿಮುಟ್ಟಾಗಿದ್ದಾನವ್ವಾ. ಇನ್ನೂ ಮೊಮ್ಮಕ್ಕಳನ್ನು ಕಾಣುವ ಆಳು. ಅವನ ಆಯುಸ್ಸೇ ನಿನ್ನ ಮುತ್ತೈದೆತನ ಅಂದುಕೋ.' ಕೇತವ್ವೆ ಅಂದುಕೊಂಡಳು. ಬೇರೆ ಹೆಂಗಸರು ತುಳಸಿಗೆ ನೀರೆರೆದು ಗಂಡನ ಆಯುಸ್ಸು ಬೇಡುತ್ತಿದ್ದ ಹೊತ್ತಿನಲ್ಲಿ ಅವಳು ಅರಸನ ಆಯುಸ್ಸು ಬೇಡುತ್ತಿದ್ದಳು. ಬಮ್ಮ ಮಾತು ಕಡಿಮೆಯವನು, ಹೆಂಡತಿಯ ಮೇಲೆ ಜೀವ ಇಟ್ಟವನು. ಕೋಟೆಯಿಂದ ಮನೆಗೆ ಬರುವಾಗ ಪೆಂಡೆಯದ ಸದ್ದು ಅವಳಿಗೆ ಕೇಳಬಾರದೆಂದು ಅದಕ್ಕೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ.

ಆಮೇಲೆ ಕಲ್ಯಾಣದಲ್ಲಿ ಚಕ್ರವರ್ತಿಯ ಮನೆಯೇ ಉರುಳಿತು. ಬೇರು ಕಿತ್ತ ಮೇಲೆ ಕೊಂಬೆಯ ಪಾಡು ಹೇಳಬೇಕೇ? ಬೀಚರಸನಿಗೆ ಎಲ್ಲರ ಮೇಲೂ ಅನುಮಾನ ಶುರುವಾಯಿತು. ಕುಡಿತ ಹೆಚ್ಚಿತು, ಕೆಮ್ಮು ಹತ್ತಿತು. ಕುದುರೆಗಳಿದ್ದರೆ ತಾನಿದ್ದೇನೆ ಎಂದುಕೊಂಡು ಬೇವಿನಾಳದ ಕೆರೆಯ ನೀರನ್ನು ಕುದುರೆಗಳಿಗೂ ಅವುಗಳ ಹುಲ್ಲುಗಾವಲಿಗೂ ಮೀಸಲು ಮಾಡಿ, ಗದ್ದೆಗಳ ಕಡೆಯ ತೂಬು ಮುಚ್ಚಿಸಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಕೋಟೆಯ ಮೇಲೆ ಹದ್ದುಗಳು ಸುತ್ತುತ್ತಿದ್ದರೆ ಜನ ಗದ್ದೆಯಲ್ಲಿ ನಿಂತು ಆಸೆಯಿಂದ ನೋಡುತ್ತಿದ್ದರು. ಕೇತವ್ವೆ ಮಾತ್ರ ಹದ್ದು ಕಂಡರೆ ಬೆವರುತ್ತಿದ್ದಳು. ಅರಸನ ಕೆಮ್ಮಿಗೆ ಅವಳು ಹಿಪ್ಪಲಿ ಹಾಕಿದ ಗಂಜಿ ಕಾಯಿಸಿಕೊಂಡು ಗುಡ್ಡ ಹತ್ತತೊಡಗಿದಳು. ಒಂದು ದಿನ ಕೋಟೆಯ ಅಡುಗೆಯವನು ಅರಸನಿಗೆಂದು ತಂದ ಪಾಯಸದಲ್ಲಿ ಬೇರೆ ಏನೋ ವಾಸನೆ ಹಿಡಿದು ಅದನ್ನು ಚೆಲ್ಲಿಬಿಟ್ಟಳು. ಚೆಲ್ಲಿದ್ದನ್ನು ನೆಕ್ಕಿದ ನಾಯಿ ಅಲ್ಲೇ ಕಾಲು ಚಾಚಿತು. ಅಡುಗೆಯವನನ್ನು ಹೆಬ್ಬಾಗಿಲಿಗೆ ನೇತುಹಾಕಿದರು. ಅವನೂ ಬೇವಿನಾಳದವನೇ. ಆವತ್ತಿನಿಂದ ಬೀಚರಸ ಅವಳ ಕೈಯ ಗಂಜಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಅದನ್ನೂ ಅವಳು ಮೊದಲು ಕುಡಿಯಬೇಕು, ಆಮೇಲೆ ಅವನು. 'ಉಳಿದವರಿಗೆ ನಾನು ಸತ್ತರೆ ಲಾಭ. ನೀನೊಬ್ಬಳಿಗೇ ನಷ್ಟ' ಎಂದು ನಗುತ್ತಿದ್ದನಂತೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬಾವಿಕಟ್ಟೆಯಲ್ಲಿ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದರು. 'ಬಂದಳಪ್ಪಾ ಕಾವಲಮ್ಮ' ಎಂದು ಉಗುಳುತ್ತಿದ್ದರು. ಒಮ್ಮೆ ಊರಗೌಡ ಸಾತಗೌಡ ತಾನೇ ಅವಳ ಮನೆಗೆ ಬಂದ. ವಯಸ್ಸಾದವನು, ಅವಳನ್ನು ಎತ್ತಿ ಆಡಿಸಿದವನು. 'ಎವ್ವಾ ಕೇತವ್ವಾ, ನಿನಗೆ ಕತ್ತಿ ಹಿಡಿ ಅನ್ನುವುದಿಲ್ಲ, ವಿಷ ಹಾಕು ಅನ್ನುವುದಿಲ್ಲ. ಒಂದು ದಿನ ಗುಡ್ಡ ಹತ್ತಬೇಡ, ಸಾಕು' ಎಂದ. 'ನಲವತ್ತು ಹಳ್ಳಿ ಒಂದು ಕಡೆ, ನಿನ್ನ ಗಂಡ ಒಂದು ಕಡೆ. ತೂಗಿ ನೋಡು.' ಕೇತವ್ವೆ ಅಳುತ್ತ ಹೇಳಿದಳು: 'ತೂಗಿದ್ದೇನೆ ಗೌಡಪ್ಪಾ. ನನ್ನ ತಕ್ಕಡಿಯಲ್ಲಿ ಅವರೇ ಭಾರ. ನಾನೇನು ಮಾಡಲಿ?' ಗೌಡ ಎದ್ದುಹೋದ. ಅವಳು ಸುಮ್ಮನೆ ಕೂತವಳೂ ಅಲ್ಲ. ಅರಸನ ಕಾಲು ಹಿಡಿದು, 'ಒಡೆಯರೇ, ಪೆಂಡೆಯ ಬಿಚ್ಚಿಸಿಬಿಡಿ. ಬಿಚ್ಚಿಸಿದರೂ ಗಂಜಿ ತರುತ್ತೇನೆ, ಸಾಯುವ ತನಕ ತರುತ್ತೇನೆ' ಎಂದು ಬೇಡಿದಳು. ಬೀಚರಸ, 'ಅಷ್ಟು ದೂರ ನಾನು ಒಬ್ಬನೇ ಹೋಗಲೇ?' ಎಂದ. ಆ ಗಳಿಗೆಯಲ್ಲಿ ಅವನ ಮುಖದ ಮೇಲಿದ್ದ ಹೆದರಿಕೆ ಕಂಡು ಅವಳಿಗೇ ಹೆದರಿಕೆಯಾಯಿತು. ಗಂಡನಿಗೆ ಹೇಳಿದಳು, ಓಡಿಹೋಗೋಣವೆಂದು. ಬಮ್ಮ ತಲೆಯಲ್ಲಾಡಿಸಿದ. 'ಅವನು ಕೆಟ್ಟವನೆಂದು ನನಗೆ ಗೊತ್ತಿಲ್ಲವೇ? ಒಳ್ಳೆಯವನಿಗೆ ಕೊಟ್ಟರೆ ಮಾತು, ಕೆಟ್ಟವನಿಗೆ ಕೊಟ್ಟರೆ ಮಾತಲ್ಲ ಅನ್ನುವುದಾದರೆ ಮಾತು ಯಾಕೆ ಕೊಡಬೇಕು?' ಎಂದ.

ಆ ವರ್ಷ ಪೈರು ತೆನೆ ಹಿಡಿಯುವ ಹೊತ್ತಿಗೆ ಗದ್ದೆ ಬಿರಿಯತೊಡಗಿತು. ಕೇತವ್ವೆಯ ತಮ್ಮ ಕಲ್ಲ ಹರೆಯದವನು, ಬಿಸಿರಕ್ತ. ಹಾಡುಹಗಲೇ ಕೆರೆಗೆ ಇಳಿದು ತೂಬು ಎತ್ತಿಬಿಟ್ಟ. ಮೂರು ಊರಿನ ಗದ್ದೆಗೆ ನೀರು ಹರಿಯಿತು, ಹೆಂಗಸರು ಕಾಲುವೆಯ ಉದ್ದಕ್ಕೂ ನಿಂತು ಆ ನೀರನ್ನು ಕಣ್ಣಿಗೆ ಒತ್ತಿಕೊಂಡರು. ಮಧ್ಯಾಹ್ನದೊಳಗೆ ರಾವುತರು ಕಲ್ಲನನ್ನು ಹಿಡಿದು ತಂದು, ಬೀಚರಸನ ಅಪ್ಪಣೆಯಂತೆ ಕೋಟೆಯ ಬಾಗಿಲಲ್ಲಿ ಕುದುರೆ ಕಾಲಿಗೆ ಹಾಕಿ ತುಳಿಸಿದರು. ಅರಸನ ಎಡಗಡೆಗೆ, ಲೆಂಕ ನಿಲ್ಲಬೇಕಾದ ಜಾಗದಲ್ಲಿ, ಬಮ್ಮ ನಿಂತಿದ್ದ. ಭಾವಮೈದುನ ತನ್ನ ಕಡೆ ನೋಡಿದ್ದನ್ನು ಅವನು ನೋಡಿದ. ಕತ್ತಿಯ ಮೇಲಿನ ಕೈ ಎದ್ದಿತು, ಮತ್ತೆ ಇಳಿಯಿತು.

ಸಂಜೆ ಅರಸನಿಗೆ ಹಸಿವಾಯಿತು. ಗುಡ್ಡದ ಕೆಳಗೆ ತಮ್ಮನ ಹೆಣ ಸುಡುತ್ತಿದ್ದ ಹೊಗೆ ಇನ್ನೂ ಅಡಗಿರಲಿಲ್ಲ. ಕೇತವ್ವೆ ಗಂಜಿ ಕಾಯಿಸಿದಳು. ಮುಂದೇನು ಹೇಳುವುದು, ಅವಳು ಆ ದಾರಿಯಲ್ಲಿ ಹೇಗೆ ಹತ್ತಿದಳೋ ಅವಳಿಗೇ ಗೊತ್ತು. ಊರಿನವರು ದಾರಿಯ ಎರಡೂ ಕಡೆ ನಿಂತಿದ್ದರು. ಆವತ್ತು ಯಾರೂ ಬೈಯಲಿಲ್ಲ, ಉಗುಳಲಿಲ್ಲ. ಅವಳ ಹೆತ್ತ ತಾಯಿ ಮಾತ್ರ ಮುಖ ತಿರುಗಿಸಿಕೊಂಡಳು. ಅರಸನ ಎದುರು ಕೂತು, ತಮ್ಮನ ರಕ್ತ ಇನ್ನೂ ಒಣಗದ ಹೊಸಲಿನ ಪಕ್ಕದಲ್ಲೇ, ಅವಳು ಮೊದಲ ಗುಟುಕು ಕುಡಿದಳು. ಬೀಚರಸ ಉಳಿದದ್ದನ್ನು ಕುಡಿದು ಬಾಯಿ ಒರೆಸಿಕೊಂಡ. ಇದನ್ನೂ ಬಮ್ಮ ನೋಡಿದ.

ಆ ರಾತ್ರಿ ಮನೆಗೆ ಬಂದವನು ಪೆಂಡೆಯಕ್ಕೆ ಬಟ್ಟೆ ಸುತ್ತಿರಲಿಲ್ಲ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. 'ನನ್ನಿಂದ ನಿನ್ನ ಬಾಳು ಹೀಗಾಯಿತಲ್ಲ. ನನ್ನೊಬ್ಬನನ್ನು ಉಳಿಸಲು ನೀನು ಏನೇನು ನುಂಗಿದೆ' ಎಂದ. 'ಅರಸು ಹೋದ ಮೇಲೆ ಬದುಕುವುದಿಲ್ಲ ಎಂದು ನಾನು ಮಾತು ಕೊಟ್ಟವನು. ಅವನಿಗಿಂತ ಮೊದಲು ಹೋಗುವುದಿಲ್ಲ ಎಂದೇನೂ ಕೊಟ್ಟಿಲ್ಲ.' ಅತ್ತು ಅತ್ತು ಸೋತಿದ್ದ ಕೇತವ್ವೆಗೆ ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಗಂಡನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಬೆಳಗ್ಗೆ ಎದ್ದಾಗ ಕೈಯಲ್ಲಿ ಪೆಂಡೆಯ ಇತ್ತು. ಬಡಗಣ ಕೊತ್ತಳದ ಬುಡದ ಬಂಡೆಯ ಮೇಲೆ ಬಮ್ಮ ಬಿದ್ದಿದ್ದ.

ಅವಳು ಹೇಗೆ ಅತ್ತಳೆಂದು ಹೇಳುವುದಿಲ್ಲ. ಹೇಳಲಾಗದು ಕೂಡ. ಮಾಚವ್ವೆ ಒಬ್ಬನೇ ಮಗನ ಹೆಣದ ಮುಂದೆ ಕೂತು, 'ಅರಸನಿಗಿಂತ ಮೊದಲು ಹೋದ ಲೆಂಕ ಎಲ್ಲಿದ್ದಾನೆ? ಕುಲಕ್ಕೆ ಮಸಿ ಬಳಿದ' ಎಂದು ಶುರುಮಾಡಿ, ಅರ್ಧದಲ್ಲೇ ಬಿಟ್ಟು, 'ಅಯ್ಯೋ ನನ್ನ ಕೂಸೇ' ಎಂದು ಸೊಸೆಯನ್ನು ತಬ್ಬಿಕೊಂಡಳು ಎನ್ನುತ್ತಾರೆ. ಮಣ್ಣು ಮುಗಿದ ಮೇಲೆ ಕೇತವ್ವೆ ಎಂದಿನಂತೆ ಗಂಜಿ ಕಾಯಿಸಿದಳು, ಎಂದಿನಂತೆ ಗುಡ್ಡ ಹತ್ತಿದಳು, ಪೆಂಡೆಯವನ್ನೂ ಬಟ್ಟಲನ್ನೂ ಅರಸನ ಹೊಸಲಿನ ಮೇಲಿಟ್ಟು ಕೂತಳು. 'ಮೊದಲು ನೀನು ಕುಡಿ' ಎಂದ ಬೀಚರಸ. 'ಇನ್ನು ನಾನು ಕುಡಿಯುವುದಿಲ್ಲ' ಎಂದಳು. ಅಷ್ಟೇ. ಆ ಗಂಜಿಯಲ್ಲಿ ಏನೂ ಇರಲಿಲ್ಲ. ಅಕ್ಕಿ, ಉಪ್ಪು, ಹಿಪ್ಪಲಿ. ಆದರೆ ಬೀಚರಸ ಬಟ್ಟಲು ಮುಟ್ಟಲಿಲ್ಲ. ಯಾರ ಜೀವ ತನ್ನ ಜೀವಕ್ಕೆ ಕಟ್ಟಿಲ್ಲವೋ ಅವರ ಕೈಯ ಅನ್ನ ಅವನಿಗೆ ಇಳಿಯದು.

ಅವನು ರಾವುತರನ್ನೆಲ್ಲ ಅಂಗಳಕ್ಕೆ ಕರೆಸಿ, ಪೆಂಡೆಯ ಎತ್ತಿ ಹಿಡಿದು, ಇದನ್ನು ತೊಡುವವರು ಯಾರು ಎಂದು ಕೇಳಿದ. ಊರು ಕೊಡುತ್ತೇನೆಂದ, ಹೊಳೆಯ ಸುಂಕ ಕೊಡುತ್ತೇನೆಂದ. ಮಲ್ಹಣನ ಜೊತೆ ಬಂದ ಅಣ್ಣತಮ್ಮಂದಿರ ಮೊಮ್ಮಕ್ಕಳು ತಮ್ಮ ಬಡಗಣ ಮಾತಿನಲ್ಲಿ ತಮ್ಮತಮ್ಮಲ್ಲೇ ಗುಸುಗುಸು ಆಡಿದರು. ಮರುದಿನ ಲಾಯದಲ್ಲಿ ಅರ್ಧ ಕುದುರೆ ಇರಲಿಲ್ಲ. ಅದರ ಮರುದಿನ ಒಂದೂ ಇರಲಿಲ್ಲ. ಕಣಜದ ತುಂಬ ಜೋಳವಿದ್ದ ಕೋಟೆಯಲ್ಲಿ ಅರಸು ಹಸಿದುಕೊಂಡು ಬಿದ್ದಿದ್ದ. ಕೇತವ್ವೆ ದಿನವೂ ಬಿಸಿ ಗಂಜಿ ತಂದು ಎದುರಿಗೆ ಇಡುತ್ತಿದ್ದಳು, ಆರಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಸಾತಗೌಡ ಊರಿನವರನ್ನು ಕರೆದುಕೊಂಡು ಹೆಬ್ಬಾಗಿಲ ತನಕ ಬಂದವನು, ಹೊಸಲಿನಲ್ಲಿ ಅವಳು ಕೂತಿರುವುದನ್ನು ನೋಡಿ, ಹಿಡಿದ ಕೋಲುಗಳನ್ನು ಅಲ್ಲೇ ಬಿಸಾಡಿ ನಿಲ್ಲಿ ಎಂದ. ಯಾರೂ ಒಳಗೆ ಹೋಗಲಿಲ್ಲ. ಕೊನೆಯ ದಿನ ಬೀಚರಸ ತೆವಳಿಕೊಂಡು ಬಂದು, ಹೊಸಲಿನ ಆ ಕಡೆಯಿಂದ ಅವಳ ಸೆರಗು ಹಿಡಿದ. ದನಿ ಮಗುವಿನಷ್ಟು ಸಣ್ಣಗಾಗಿತ್ತು. 'ನನ್ನ ಜೊತೆ ಯಾರು ಬರುತ್ತಾರೆ?' ಎಂದು ಕೇಳಿದ.

ಕೇತವ್ವೆ ಸೆರಗು ಬಿಡಿಸಿಕೊಂಡಳು. 'ಒಬ್ಬನೇ ಹೋಗು' ಎಂದಳು.

ಆಮೇಲೆ ಊರಿನವರು ತೂಬು ಎತ್ತಿದರು. ಕೇತವ್ವೆ ಅತ್ತೆಯ ಜೊತೆ ಬಹುಕಾಲ ಬದುಕಿದಳೆಂದು ಕೆಲವರು, ಅಂದೇ ಗುಡ್ಡ ಇಳಿದು ಎತ್ತಲೋ ಹೋದಳೆಂದು ಕೆಲವರು ಹೇಳುತ್ತಾರೆ. ಕಾವಲಮ್ಮ ಎಂಬ ಹೆಸರನ್ನು ಊರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ; ಬೈದ ಬಾಯಲ್ಲೇ ಅದನ್ನು ಹೇಳಿ ಕೈಮುಗಿಯಿತು. ಈಗ ಹೋದವರಿಗೆ ಗುಡಿಯೊಳಗೆ ಮೊಣಕಾಲು ಮಡಿಸಿ ಕೂತ ಹೆಂಗಸಿನ ಕಲ್ಲು ಕಾಣುತ್ತದೆ. ತೊಡೆಯ ಮೇಲೆ ಬಟ್ಟಲು, ಬಟ್ಟಲಿನ ಬಾಯಿಗೆ ಅಂಗೈ ಮುಚ್ಚಿದೆ. ಎಡೆಗೆ ಗಂಜಿ ಇಡುತ್ತಾರೆ, ಆದರೆ ಪ್ರಸಾದವೆಂದು ಯಾರಿಗೂ ಕೊಡುವುದಿಲ್ಲ. ಪೂಜಾರಿ ಅದನ್ನು ಆರಲು ಬಿಟ್ಟು ಹೊರಗೆ ಚೆಲ್ಲುತ್ತಾನೆ. ಗುಡಿಯ ಪಕ್ಕದಲ್ಲಿ ಕತ್ತಿ ಹಿಡಿದ ಗಂಡಸಿನ ವೀರಗಲ್ಲೊಂದಿದೆ. ಲೆಂಕನ ಕಲ್ಲು ಎಲ್ಲೆಡೆಯೂ ಅರಸನ ಕಲ್ಲಿನ ಎಡಗಡೆಗೆ ಇರುತ್ತದೆ. ಇದರ ಬಲಗಡೆಗೆ ಬರಿಯ ನೆಲ. ಇಲ್ಲೇನಿತ್ತು ಎಂದು ಕೇಳಿದವರಿಗೆ ಪೂಜಾರಿ ಹೇಳುತ್ತಾನೆ, ಏನೂ ಇರಲಿಲ್ಲ, ಕೇತವ್ವೆ ಇಡಗೊಡಲಿಲ್ಲ.