ಬೆನ್ನುಹುಣ್ಣಿನ ಬರಹಕ್ಕೆ ಮೊದಲ ಹೆಸರು

ಸ್ವಲ್ಪ ಹತ್ತಿರ ಬನ್ನಿ. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬಾಯಿಬಿಡಬೇಡಿ.

ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಆರು ತಿಂಗಳು ಎಲ್ಲ ಬರೆದಿಟ್ಟವಳು ನರ್ಸ್ ಗ್ರೆಟ್ಟಾ. ಆ ಬರಹ ದೊಡ್ಡ ವೈದ್ಯಕೀಯ ಪತ್ರಿಕೆಗೆ ಹೊರಟಾಗ ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲ್ ರಾಜಮತಿ ಮೇಡಂ ಅವಳನ್ನು ಕರೆಸಿದರು.

"ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ. ಇಲ್ಲದಿದ್ದರೆ ನಾನು ಸಹಿ ಹಾಕೋದಿಲ್ಲ."

ಆ ಸಹಿ ಇಲ್ಲದೆ ಬರಹ ಹೋಗುವಂತಿಲ್ಲ. ಗ್ರೆಟ್ಟಾ ತಲೆಯಾಡಿಸಿದಳು.

"ಆಗಲಿ ಮೇಡಂ. ಯಾರು ಏನು ಕೆಲಸ ಮಾಡಿದರು ಅಂತ ಪತ್ರಿಕೆಯವರು ಕೇಳ್ತಾರೆ. ಸುಳ್ಳು ಬರೆಯೋಕಾಗಲ್ಲ. ವಾರ್ಡಿಗೆ ಬಂದು ಒಬ್ಬ ರೋಗಿಯ ಮಗ್ಗುಲನ್ನಾದರೂ ಬದಲಿಸಿ, ಅಷ್ಟನ್ನೇ ಬರೀತೀನಿ."

ಮೇಡಂ ಗಂಜಿ ಹಾಕಿದ ಸೀರೆಯಲ್ಲೇ ವಾರ್ಡಿಗೆ ಬಂದರು. ಹಾಸಿಗೆ ಹಿಡಿದಿದ್ದ ದೇವೀರಮ್ಮಜ್ಜಿಯ ಭುಜ ಹಿಡಿದು ಎಳೆದರು. ಅಜ್ಜಿ ಅಲುಗಲಿಲ್ಲ, ಮೇಡಮ್ಮೇ ಮಂಚದ ಮೇಲೆ ಕುಸಿದರು. ಎದ್ದು ಸೆರಗು ಸರಿಮಾಡಿಕೊಂಡು, "ಹೆಸರು ನಿನ್ನದೇ ಇರಲಿ" ಎಂದು ಸಹಿ ಗೀಚಿದರು.

ಪಕ್ಕದ ಮಂಚದ ಸಾವಂತ್ರವ್ವ ಸುಮ್ಮನಿರುವ ಹೆಂಗಸಲ್ಲ. ಮೇಡಂ ಮುಖಕ್ಕೇ ಹೇಳಿದಳು:

"ಹೆಸರು ಬೇಕೇಬೇಕಂದ್ರೆ ಆ ಖಾಲಿ ಮಂಚದ ರೋಗಿ ಚೀಟಿ ಮೇಲೆ ಬರೆಸ್ಕೊಳ್ಳಿ ತಾಯಿ. ಎರಡು ಗಂಟೆಗೊಮ್ಮೆ ಗ್ರೆಟ್ಟಮ್ಮ ಬಂದು ನಿಮ್ಮ ಮಗ್ಗುಲೂ ಬದಲಿಸ್ತಾಳೆ."