ಮೊದಲು ಉಂಡವಳು

"ಗುರುಗಳೇ, ಕಾಯಿಲೆಯವರ ಸೇವೆ ಎಂದರೆ ಅವರ ಕೆಲಸವನ್ನೆಲ್ಲ ನಾವೇ ಮಾಡಿಕೊಡುವುದಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ನೀನು ಸೇವೆಗೆ ನಿಂತರೆ ರೋಗಿಯ ಉಸಿರನ್ನೂ ನೀನೇ ಆಡಿಬಿಡುತ್ತೀಯೆ. ಕೇಳು," ಎಂದು ಕತೆ ಹೇಳಿದರು.

ಒಬ್ಬ ದರ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಹೋಯಿತು. ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸಿದರು. ಕೈಗೆ ದಿನವೂ ಕೆಲಸ ಕೊಡಿ, ಮೊದಲ ಕೆಲವು ತಿಂಗಳು ಕಳೆದರೆ ಅದನ್ನು ಎಬ್ಬಿಸುವುದು ಕಷ್ಟ ಎಂದೂ ಹೇಳಿದ್ದರು. ಕತ್ತರಿ ಹಿಡಿಯುವ ಕೈ ಅದು. ಅದು ಏಳದಿದ್ದರೆ ಅವನು ದರ್ಜಿಯಾಗಿ ಉಳಿಯುವಂತಿರಲಿಲ್ಲ.

ಹೆಂಡತಿ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು. ಗಂಡ ಉಂಡೇಳುವ ಮುಂಚೆ ಹೆಂಡತಿ ಉಣ್ಣುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಒಬ್ಬ ದಾದಿ ದಿನವೂ ಊಟದ ಹೊತ್ತಿಗೆ ಬರುತ್ತಿದ್ದಳು. ಅವನನ್ನು ನೆಟ್ಟಗೆ ಕೂರಿಸಿ, ಬೆರಳುಗಳನ್ನು ತಿದ್ದಿ, ಬಟ್ಟೆಯ ಚೂರು ಹಿಡಿಸುತ್ತಿದ್ದಳು. ಅವನು ಬೆವರು ಸುರಿಸಿ ಹಿಡಿಯುತ್ತಿದ್ದ. ಆದರೆ ತಟ್ಟೆ ಮುಂದಿಟ್ಟರೆ ಮಾತ್ರ ಕೈ ಕೆಳಗಿಟ್ಟು ಬಾಯಿ ತೆರೆದುಬಿಡುತ್ತಿದ್ದ. ಎರಡು ವಾರ ಹೀಗೇ ಹೋಯಿತು. ಉಪಚಾರದ ರುಚಿ ಹತ್ತಿದೆ ಎಂದರು ನೆರೆಯವರು. ದಾದಿಯೂ ಒಂದು ದಿನ ರೇಗಿ ಬೈದಳು. ಆಗ ಅವಳು ಅವನ ಕಣ್ಣು ನೋಡಿದಳು. ಅದು ತಟ್ಟೆಯ ಮೇಲಿರಲಿಲ್ಲ, ಹೆಂಡತಿಯ ಬಾಡಿದ ಮುಖದ ಮೇಲಿತ್ತು. ಬೈದದ್ದಕ್ಕೆ ದಾದಿಗೆ ನಾಚಿಕೆಯಾಯಿತು.

"ಅಕ್ಕಾ, ನಾಳೆಯಿಂದ ನೀವು ಮೊದಲು ಊಟ ಮಾಡಿ. ಇವರ ಕಣ್ಣೆದುರಿಗೇ ಕೂತು ಮಾಡಿ," ಎಂದಳು.

"ಅಯ್ಯೋ, ಎಲ್ಲಾದ್ರೂ ಉಂಟೇನಮ್ಮಾ? ಅವರು ನೆಟ್ಟಗಿದ್ದಾಗಲೇ ಹಾಗೆ ಮಾಡಿದವಳಲ್ಲ ನಾನು. ಈಗ ಮಾಡ್ಲಾ?"

"ಮಾಡಿ. ನೀವು ಹಸಿದಿದ್ದೀರಿ ಅಂತ ಅವರು ನಿಮ್ಮ ಕೈಯಿಂದಲೇ ತಿಂದು ಬೇಗ ಬೇಗ ಮುಗಿಸ್ತಿದ್ದಾರೆ. ಪಾಪ ಬಂದ್ರೆ ನನಗಿರಲಿ."

ಮರುದಿನ ಅವಳು ಗಂಡನೆದುರು ಕೂತು ಅಳುತ್ತಲೇ ಉಂಡಳು. ಅವಳು ಕೈ ತೊಳೆಯುವವರೆಗೂ ದರ್ಜಿ ನೋಡುತ್ತ ಕೂತಿದ್ದ. ಆಮೇಲೆ ತಟ್ಟೆಗೆ ಕೈ ಹಾಕಿದ. ದಾದಿ ಮೊಣಕೈಗೆ ತನ್ನ ಅಂಗೈ ಆನಿಸಿದಳು. ಕೈ ಎದೆಯವರೆಗೆ ಏಳುವುದು, ಅನ್ನ ಮಡಿಲಿಗೆ ಬೀಳುವುದು. ಹೆಂಡತಿ ತಡೆಯಲಾರದೆ ಎದ್ದಳು.

"ಕೂತ್ಕೊಳ್ಳಿ ಅಕ್ಕಾ. ಅವರಿಗೀಗ ಅವಸರ ಇಲ್ಲ."

ನಾಲ್ಕನೆಯ ಸಲಕ್ಕೆ ಅರ್ಧ ತುತ್ತು ಬಾಯಿ ಸೇರಿತು. ಆ ಊಟ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಸಾರು ಆರಿ ತಣ್ಣಗಾಗಿತ್ತು. ಮೂವರೂ ಸಂತೋಷವಾಗಿದ್ದರು.

ಐದು ತಿಂಗಳಿಗೆ ದರ್ಜಿ ಕತ್ತರಿ ಹಿಡಿದ. ಅದು ಬಟ್ಟೆಯನ್ನು ತುಸು ಸೊಟ್ಟಗೆ ಕತ್ತರಿಸಿತು, ಆದರೂ ಕತ್ತರಿಸಿತು.

ಕತೆ ಮುಗಿಯಿತು. "ತಿಳಿಯಿತು ಗುರುಗಳೇ. ಆ ಮನೆಯಲ್ಲಿ ನಿಜವಾದ ಸೇವೆ ಮಾಡಿದವಳು ದಾದಿಯೊಬ್ಬಳೇ," ಎಂದ ಶಿಷ್ಯ.

ಗುರುಗಳು ಕೇಳಿದರು: "ಹೆಂಡತಿಯ ಹಸಿವು ನೋಡಲಾರದೆ ತನ್ನ ಕೈಯನ್ನೇ ಬಿಟ್ಟುಕೊಡಲು ಹೊರಟಿದ್ದನಲ್ಲ, ಅವನು ಮಾಡುತ್ತಿದ್ದುದೇನು?"