ಗುರುಗಳು ಕುಳಿತ ಜಾಗ

ಕೇತಣ್ಣನಿಗೆ ಒಂದೇ ಹುಚ್ಚು. ಜನ ವಯಸ್ಸಾಗುವ ಮೊದಲೇ ಯಾಕೆ ಸಾಯುತ್ತಾರೆ?

ಅವನ ಅಕ್ಕ ಹತ್ತೊಂಬತ್ತಕ್ಕೇ ತೀರಿಕೊಂಡಿದ್ದಳು. ಯಾಕೆಂದು ಯಾರೂ ಹೇಳಿರಲಿಲ್ಲ. ಆ ಸಂಕಟ ಅವನಿಗೆ ಇನ್ನೂ ಹೋಗಿರಲಿಲ್ಲ.

ಆಶ್ರಮ ಸೇರಿದ ಮೇಲೆ, ಅಕಾಲ ಮರಣದ ಬಗ್ಗೆ ಲೋಕದ ವೈದ್ಯರೆಲ್ಲ ಬರೆದ ಓಲೆಗಳನ್ನು ಏಳು ವರ್ಷ ತರಿಸಿದ. ಚೀನದಿಂದ ಬಂದವು, ಪಾರಸಿಕದಿಂದ ಬಂದವು, ಸಿಂಹಳದಿಂದ ಬಂದವು. ಅವನ ಕಾಟ ತಾಳಲಾರದೆ ವ್ಯಾಪಾರಿಗಳು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಜಗಲಿಯ ತುಂಬ ಸುಣ್ಣದಲ್ಲಿ ಭೂಮಿಯ ನಕ್ಷೆ ಬರೆದ. ಯಾವ ನಾಡಿನ ಓಲೆಯೋ ಆ ಜಾಗದಲ್ಲೇ ಅದರ ಕಟ್ಟು. ರಾಜಧಾನಿಯ ಕಟ್ಟು ಸೊಂಟದೆತ್ತರಕ್ಕೆ ಬಂತು.

ಗುರು ನಿರ್ವಾಣಯ್ಯನವರು ಬಂದು ನೋಡಿದರು. ಒಂದು ಓಲೆಯನ್ನೂ ಮುಟ್ಟಲಿಲ್ಲ. ಹೊಳೆ ಸಮುದ್ರ ಸೇರುವ ಕಡೆ ನಕ್ಷೆಯಲ್ಲಿ ಒಂದಿಷ್ಟು ಜಾಗ ಖಾಲಿಯಿತ್ತು. ಅಲ್ಲಿ ಕುಳಿತರು.

ಮರುದಿನವೂ ಅಲ್ಲೇ ಕುಳಿತರು. ಅದರ ಮರುದಿನವೂ. ಗುರುಗಳಿಗೆ ವಯಸ್ಸಾಯಿತು, ಪಾಪ, ಓದಲು ಕಣ್ಣು ಸಾಲದು ಎಂದುಕೊಂಡ ಕೇತಣ್ಣ.

ಒಂದು ದಿನ ಅರಸರಿಂದ ಕೇಳಿಕೆ ಬಂತು. ಜನ ಬೇಗ ಸಾಯುವ ಕಡೆಗೆ ನಾಲ್ವರು ವೈದ್ಯರನ್ನು ಕಳಿಸುತ್ತೇವೆ. ಜಾಗ ಯಾವುದೆಂದು ಹುಣ್ಣಿಮೆಯೊಳಗೆ ಕೇತಣ್ಣನೇ ತಿಳಿಸಲಿ.

ಕೇತಣ್ಣ ಹಿಗ್ಗಿಹೋದ.

"ರಾಜಧಾನಿಗೇ ಕಳಿಸಲಿ ಅಂತ ಬರೆಯುತ್ತೇನೆ, ಗುರುಗಳೇ."

"ಯಾಕಪ್ಪ?"

"ಎಲ್ಲಕ್ಕಿಂತ ಹೆಚ್ಚು ಓಲೆ ಅಲ್ಲಿಂದಲೇ ಬಂದಿದೆಯಲ್ಲ. ಮೊದಮೊದಲು ಎಲ್ಲರೂ ಜ್ವರ, ಸಿಡುಬು, ಹೆರಿಗೆ ಅಂತ ಬರೆಯುತ್ತಿದ್ದರು. ಈಗೀಗ ಎಲ್ಲಿ ನೋಡಿದರೂ ಎದೆನೋವು, ಸಿಹಿಮೂತ್ರ. ಅದರಲ್ಲಿ ರಾಜಧಾನಿಯದೇ ಮೇಲುಗೈ."

"ನಾನು ಕುಳಿತಿರುವುದು ಯಾವ ಊರು?"

ಕೇತಣ್ಣ ಬಗ್ಗಿ ನೋಡಿದ. "ಚೌಳುದಿಬ್ಬ. ಅಲ್ಲಿಂದ ಒಂದು ಓಲೆಯೂ ಬಂದಿಲ್ಲ. ಗಟ್ಟಿ ಜನ ಇರಬೇಕು."

"ಹೌದೇ!" ನಿರ್ವಾಣಯ್ಯನವರು ಎದ್ದು ನಿಂತರು. "ಹಾಗಾದರೆ ಹೋಗಿ ಅವರ ಗುಟ್ಟು ಕೇಳಿಕೊಂಡು ಬರೋಣ, ನಡಿ."

ಕೇತಣ್ಣನಿಗೂ ಕುತೂಹಲ ಹತ್ತಿತು. ಅವರು ಏನು ತಿನ್ನುತ್ತಾರೆ? ಯಾವ ನೀರು ಕುಡಿಯುತ್ತಾರೆ? ಒಂದು ದಿನದ ದೋಣಿ ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಂಡ.

ಚೌಳುದಿಬ್ಬದಲ್ಲಿ ಜನ ಸುತ್ತ ಸೇರಿದರು. ನಿರ್ವಾಣಯ್ಯನವರು ಚೀಲದಿಂದ ವೀಳ್ಯ ತೆಗೆದರು.

"ಮೊದಲ ವೀಳ್ಯ ಊರಿನ ಹಿರಿಯರಿಗೆ ಸಲ್ಲಬೇಕು. ಕರೆಯಿರಿ."

ಹೆಂಗಸೊಬ್ಬಳು ಮುಂದೆ ಬಂದಳು. ಕಂಕುಳಲ್ಲಿ ಕೂಸು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ.

"ಹಿರಿಯರು ಎಲ್ಲಿ, ತಾಯಿ?" ಎಂದ ಕೇತಣ್ಣ.

"ನಾನೇ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಕೇತಣ್ಣ ನಕ್ಕ. ಬೇರೆ ಯಾರೂ ನಗಲಿಲ್ಲ.

"ನಿಮಗೆ ಎಷ್ಟು ವಯಸ್ಸು?"

"ಈ ಸುಗ್ಗಿಗೆ ಮೂವತ್ತೆಂಟು."

"ನಿಮಗಿಂತ ದೊಡ್ಡವರು?"

"ಇದ್ದರು. ಹೋದ ಮಳೆಗಾಲದವರೆಗೂ ನಮ್ಮಣ್ಣನೇ ಹಿರಿಯ."

ಕೇತಣ್ಣ ಸುತ್ತಲೂ ನೋಡಿದ. ಇಷ್ಟು ಹೊತ್ತು ಕಣ್ಣಿಗೆ ಬಿದ್ದೂ ಕಾಣದ್ದು ಈಗ ಕಂಡಿತು. ಜಗಲಿಗಳ ಮೇಲೆ ಒಬ್ಬ ಮುದುಕನಿಲ್ಲ, ಒಬ್ಬ ಮುದುಕಿಯಿಲ್ಲ.

"ಅಣ್ಣನಿಗೆ ಏನಾಗಿತ್ತು, ತಾಯಿ?"

"ಯಾರಿಗೆ ಗೊತ್ತು, ಅಯ್ಯ. ಏನಾಯಿತು ಅಂತ ಕೇಳಿದವರಲ್ಲಿ ನೀವೇ ಮೊದಲು."

ಜೋಡಿಸಿಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಕೇತಣ್ಣ ಕೈಬಿಟ್ಟ. ಅವನು ತನ್ನ ಅಕ್ಕನನ್ನು ನೆನೆದ. ಬದುಕಿದ್ದರೆ ಅವಳಿಗೂ ಈಗ ಹೆಚ್ಚುಕಡಿಮೆ ಇದೇ ವಯಸ್ಸು.

ಗುರುಗಳು ಎರಡೂ ಕೈಯಿಂದ ವೀಳ್ಯ ಕೊಟ್ಟರು. ಹೆಂಗಸು ಕೂಸನ್ನು ಪಕ್ಕದವಳಿಗೆ ಕೊಟ್ಟು, ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಕೇತಣ್ಣ ಬಗ್ಗಿ ಆ ಊರಿನ ಹಿರಿಯಳ ಕಾಲು ಮುಟ್ಟಿದ.

ಮರಳುವಾಗ ದೋಣಿಯಲ್ಲೇ ಕುಳಿತು ಅರಸರಿಗೆ ಓಲೆ ಬರೆದ. ನಾಲ್ವರು ವೈದ್ಯರೂ ಚೌಳುದಿಬ್ಬಕ್ಕೆ ಹೋಗಲಿ.

ಬರೆದು ಮುಗಿಸಿ ಗುರುಗಳ ಕಡೆ ತಿರುಗಿದ.

"ಗುರುಗಳೇ, ನಾನು ತರಿಸಿದ್ದರಲ್ಲಿ ನೀವು ಒಂದು ಓಲೆಯನ್ನೂ ಓದಲಿಲ್ಲ. ದಿನವೂ ಬಂದು ಆ ಖಾಲಿ ಜಾಗದಲ್ಲಿ ಕುಳಿತಿರುತ್ತಿದ್ದಿರಿ."

"ಅದನ್ನೇ ಓದುತ್ತಿದ್ದೆ" ಎಂದರು ನಿರ್ವಾಣಯ್ಯನವರು.